‘ಕಾಣಿಸ್ತು’ ಅನ್ನುತ್ತಿದ್ದ ಮಗಳು

ಹೊಲಿಗೆ ಅಂಗಡಿಯ ಶಟರನ್ನು ಅವಳು ಅರ್ಧಕ್ಕೆ ಎಳೆದಾಗ ಕೊನೆಯ ಗಿರಾಕಿ ಇನ್ನೂ ಒಳಗೇ ಇದ್ದರು.

“ಇಷ್ಟು ಬೇಗ ಮುಚ್ತೀಯೇನಮ್ಮ? ಪ್ಯಾಂಟಿನ ಕಾಲು ಮಡಚಿ ಹೊಲಿಯೋಕೆ ಎಷ್ಟು ಹೊತ್ತು ಬೇಕು?”

“ನಾಳೆ ಬನ್ನಿ ಸರ್. ಇವತ್ತು ಮಕ್ಕಳಿಗೆ ಶನಿ ತೋರಿಸ್ಬೇಕು.”

“ಎಲ್ಲರೂ ಶನಿ ತೊಲಗಿದ್ರೆ ಸಾಕು ಅಂತಾರೆ. ನೀನೊಬ್ಬಳು ಬಸ್ ಹತ್ತಿ ಹುಡುಕ್ಕೊಂಡು ಹೋಗ್ತೀಯಲ್ಲ!”

ಮನೆಯಲ್ಲಿ ಅತ್ತೆಯೂ ಬೆಳಿಗ್ಗೆಯಿಂದ ಇದೇ ರಾಗ ಹಾಡಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಜ್ಞಾನ ಕೇಂದ್ರದಲ್ಲಿ ಈ ವರ್ಷದ ಕೊನೆಯ ಆಕಾಶ ವೀಕ್ಷಣೆ ಇವತ್ತೇ. ಇದು ತಪ್ಪಿದರೆ ಮತ್ತೆ ಶನಿ ಸಿಗುವುದು ಮುಂದಿನ ವರ್ಷ.

ಈ ಹುಚ್ಚು ಹಿಡಿದದ್ದು ಒಂದು ಪರದೆಯಿಂದ. ಅಲ್ಲಿನ ತಾರಾಲಯದ ಬಾಗಿಲಿಗೆ ಕಪ್ಪು ಪರದೆ ಹೊಲಿದುಕೊಟ್ಟವಳು ಅವಳೇ. ಒಂದೆಳೆ ಬೆಳಕೂ ನುಸುಳಬಾರದೆಂದು ಎರಡು ಪದರ ಕೊಟ್ಟು ಹೊಲಿದಿದ್ದಳು. ಅದನ್ನು ತೂಗುಹಾಕಲು ಹೋದ ದಿನ, ಪ್ರದರ್ಶನ ಮುಗಿದು ಮಕ್ಕಳು ಹೊರಗೆ ಬರುತ್ತಿದ್ದರು. ಆ ಮುಖಗಳಲ್ಲಿ ಏನೋ ಇತ್ತು. ಆಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ; ಆದರೆ ಅದು ನಿದ್ದೆಯ ಮಬ್ಬಲ್ಲ. ಒಬ್ಬಳು ಎಡಬಲ ನೋಡದೆ ಚಪ್ಪಲಿ ಅದಲುಬದಲು ಮೆಟ್ಟಿ ನಡೆದೇಬಿಟ್ಟಳು. ತನ್ನ ದೊಡ್ಡ ಮಗಳಲ್ಲಿ ಆ ಮುಖವನ್ನು ಒಮ್ಮೆ ನೋಡಬೇಕು ಅನ್ನಿಸಿದ್ದು ಆಗ.

ದೊಡ್ಡವಳು ಇಟ್ಟದ್ದು ಉಂಡು, ಕೊಟ್ಟದ್ದು ಉಟ್ಟು, ಹೇಳಿದ ಕಡೆ ಕೂರುವ ಹುಡುಗಿ. ಅವಳಿಂದ ತೊಂದರೆ ಎನ್ನುವುದೇ ಇಲ್ಲ. ಚಿಕ್ಕವಳು ಮಾತಿನಮಲ್ಲಿ. ಚಂದ್ರನ ಗುಳಿ ನೋಡಿ ಬಂದ ದಿನ ಬಸ್ಸಿನ ಕಂಡಕ್ಟರಿಗೂ ಅದನ್ನು ವಿವರಿಸಿದ್ದಳು. ದೊಡ್ಡವಳನ್ನು ಕೇಳಿದರೆ “ಕಾಣಿಸ್ತು” ಅಂದಿದ್ದಳು.

“ಹೇಗಿತ್ತು?”

“ಚೆನ್ನಾಗಿತ್ತು.”

ಆಮೇಲೆ ಗುರುಗ್ರಹವೂ ಚೆನ್ನಾಗಿತ್ತು. ಹಗಲಲ್ಲಿ ತೋರಿಸಿದ ಸೂರ್ಯನ ಕಲೆಯೂ ಚೆನ್ನಾಗಿತ್ತು. ಭಾನುವಾರಗಳನ್ನು ಹಾಳುಮಾಡಿಕೊಂಡು, ಅತ್ತೆಯ ಬಾಯಿಗೆ ಸಿಕ್ಕಿ, ಎರಡೆರಡು ಬಸ್ ಬದಲಾಯಿಸಿ ಕರೆದುಕೊಂಡು ಹೋದವಳಿಗೆ ಆ ಒಂದು ಪದ ಕೇಳಿ ಕೇಳಿ ತಲೆ ಕೆಡುತ್ತಿತ್ತು.

ಕೇಂದ್ರದ ತಾರಸಿಯಲ್ಲಿ ಸಾಲು ಮೆಟ್ಟಿಲವರೆಗೂ ಇಳಿದಿತ್ತು. ಟೆಲಿಸ್ಕೋಪಿನ ಪಕ್ಕದಲ್ಲಿ ಕೆಂಪು ಟಾರ್ಚ್ ಹಿಡಿದ ಸ್ವಯಂಸೇವಕಿ ಗಂಟಲು ಹರಿದುಕೊಳ್ಳುತ್ತಿದ್ದಳು. “ಕೈ ಹಿಂದೆ ಕಟ್ಕೊಳ್ಳಿ! ಮುಟ್ಟಿ ಅಲ್ಲಾಡಿಸಿದ್ರೆ ಶನಿ ಓಡಿಹೋಗ್ತಾನೆ! ಒಂದು ಕಣ್ಣು ಮುಚ್ಚಿ, ಇನ್ನೊಂದ್ರಲ್ಲಿ ನೋಡಿ. ಬೇಗ, ಬೇಗ!”

ಮೊದಲು ಚಿಕ್ಕವಳು ಬಗ್ಗಿದಳು. “ಅಮ್ಮಾ, ಉಂಗುರ! ಯಾರೋ ಅಂಟಿಸಿದ ಹಾಗಿದೆ!”

ಆಮೇಲೆ ದೊಡ್ಡವಳು. ಎರಡು ಸ್ವೆಟರು, ನೀರಿನ ಬಾಟಲಿ, ಚಿಕ್ಕವಳ ಕಿತ್ತುಹೋದ ಚಪ್ಪಲಿ ಎಲ್ಲವನ್ನೂ ಎದೆಗವಚಿಕೊಂಡು ತಾಯಿ ಇವತ್ತು ಪಕ್ಕಕ್ಕೇ ಹೋಗಿ ನಿಂತಳು. ಮಗಳ ಮುಖ ಅರಳುವ ಆ ಗಳಿಗೆ ತಪ್ಪಿಹೋಗಬಾರದು. ಟಾರ್ಚಿನ ಕೆಂಪು ಬೆಳಕಲ್ಲಿ ಮುಖ ಕಂಡಿತು. ಕೈ ಬೆನ್ನ ಹಿಂದೆ ಅಚ್ಚುಕಟ್ಟಾಗಿ ಕಟ್ಟಿತ್ತು. ಎರಡೂ ಕಣ್ಣು ಸೋಪಿನ ನೊರೆ ಹೊಕ್ಕಂತೆ ಬಿಗಿಯಾಗಿ ಮುಚ್ಚಿದ್ದವು.

“ಕಾಣಿಸ್ತು,” ಅಂದು ಹುಡುಗಿ ಪಕ್ಕಕ್ಕೆ ಸರಿದಳು.

ಅವಳು ಮಗಳ ರಟ್ಟೆ ಹಿಡಿದು ನೀರಿನ ಟ್ಯಾಂಕಿನ ಮರೆಗೆ ಎಳೆದೊಯ್ದಳು. “ಎರಡೂ ಕಣ್ಣು ಮುಚ್ಕೊಂಡು ಏನೇ ಕಾಣಿಸ್ತು ನಿಂಗೆ?”

ಹುಡುಗಿ ನೆಲ ನೋಡಿದಳು. “ನಂಗೆ ಒಂದೇ ಕಣ್ಣು ಮುಚ್ಚೋಕೆ ಬರಲ್ಲ.”

ಬರುವುದಿಲ್ಲ ಅಂದರೇನು? ಸೂಜಿಗೆ ದಾರ ಪೋಣಿಸುವಾಗ ದಿನಕ್ಕೆ ನೂರು ಸಲ ಒಂದು ಕಣ್ಣು ಮುಚ್ಚುವ ಅವಳಿಗೆ, ಅದನ್ನೂ ಯಾರಾದರೂ ಕಲಿಯಬೇಕೆಂದು ಹೊಳೆದೇ ಇರಲಿಲ್ಲ.

“ಕೈಯಲ್ಲಿ ಮುಚ್ಕೋಬಾರ್ದಿತ್ತಾ?”

“ಕೈ ಹಿಂದೆ ಕಟ್ಕೋ ಅಂತಾರಲ್ಲ.”

“ಮತ್ತೆ ಪ್ರತಿ ಸಲ ಕಾಣಿಸ್ತು, ಕಾಣಿಸ್ತು ಅಂತ ಯಾಕಂದೆ?”

“ಇಲ್ಲ ಅಂದ್ರೆ ಇನ್ನೊಂದ್ಸಲ ನೋಡು ಅಂತಾರೆ. ಹಿಂದಿರೋರು ಬೈತಾರೆ.” ಆಮೇಲೆ ಹುಡುಗಿ ತಲೆಯೆತ್ತಿದಳು. “ನೀನು ನೋಡಿದ್ಯಾ?”

“ಏನು?”

“ಶನಿ. ಚಂದ್ರ. ಯಾವುದಾದ್ರೂ.”

ತನ್ನ ಸರದಿ ಬಂದಾಗಲೆಲ್ಲ “ಮಕ್ಕಳು ನೋಡಿದ್ರಲ್ಲ, ಸಾಕು” ಅಂದು ಚಪ್ಪಲಿ, ಬಾಟಲಿ ಹಿಡಿದು ಮುಂದೆ ಹೋದವಳು ಅವಳು. ಮನೆಗೆ ಬಂದು ಅತ್ತೆಯ ಮುಂದೆ ಬಣ್ಣಿಸಿದ್ದೆಲ್ಲ ಕೇಂದ್ರದ ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ.

“ನಡಿ. ಮತ್ತೆ ನಿಲ್ಲೋಣ. ಇಬ್ಬರೂ ನೋಡೋಣ.”

“ಮತ್ತೆ ಕ್ಯೂನಾ?” ಚಿಕ್ಕವಳು ರಾಗ ಎಳೆದಳು. “ನಾನು ಆಗ್ಲೇ ನೋಡಿದ್ನಲ್ಲ!”

“ನೀನು ಸುಮ್ನಿರೇ.”

ಸಾಲಿನ ಬಾಲಕ್ಕೆ ಹೋಗಿ ನಿಂತರು. ಸಾಲು ಇರುವೆಯಂತೆ ಹರಿಯಿತು. ಇನ್ನೇನು ನಾಲ್ಕೈದು ಜನ ಇದ್ದಾರೆ ಅನ್ನುವಾಗ ಸ್ವಯಂಸೇವಕಿ ಮೇಲೆ ನೋಡಿ, ತುಟಿ ಕಚ್ಚಿ, ಟೆಲಿಸ್ಕೋಪಿನ ಬಾಯಿಗೆ ಮುಚ್ಚಳ ಹಾಕಿದಳು. “ಮೋಡ ಕವೀತು. ಇಷ್ಟೇ ಇವತ್ತಿಗೆ.”

“ಸ್ವಲ್ಪ ಕಾದು ನೋಡಿ ಮೇಡಂ. ನನ್ನ ಮಗಳು ನೋಡಿಲ್ಲ.”

“ನೋಡಿದ್ಳಲ್ಲ! ನನ್ನ ಮುಂದೇನೇ ಕಾಣಿಸ್ತು ಅಂದ್ಳು.”

ಮೆಟ್ಟಿಲಿಳಿಯುವಾಗ ಅವಳಿಗೆ ಒಳಗೊಳಗೇ ಕುದಿಯುತ್ತಿತ್ತು. ಯಾರ ಮೇಲೆ ಎಂದು ತಿಳಿಯದ್ದಕ್ಕೆ ಇನ್ನಷ್ಟು. ಮೋಡದ ಮೇಲೆ ರೇಗಲು ಬರುವುದಿಲ್ಲ. ಆ ಟಾರ್ಚಿನ ಹುಡುಗಿಯದೂ ತಪ್ಪಲ್ಲ. ಹೇಳಿದ ಮಾತು ಕೇಳು, ಹೇಳಿದ ಮಾತು ಕೇಳು ಎಂದು ದೊಡ್ಡವಳನ್ನು ಬೆಳೆಸಿದ್ದು ಯಾರು?

ಬಸ್ ನಿಲ್ದಾಣದಲ್ಲಿ ದೊಡ್ಡವಳು ತಾನಾಗಿಯೇ ಪ್ರಯತ್ನಿಸುತ್ತಿದ್ದಳು. ಎಡಗಣ್ಣು ಮುಚ್ಚಲು ಹೋದರೆ ಮೂಗು, ಬಾಯಿ, ಕೆನ್ನೆ ಎಲ್ಲ ಒಂದೇ ಕಡೆ ಸೇರಿಕೊಳ್ಳುತ್ತಿದ್ದವು. ಚಿಕ್ಕವಳು ಬಿದ್ದು ಬಿದ್ದು ನಕ್ಕಳು.

ಅವಳು ಸಾಮಾನನ್ನೆಲ್ಲ ಬೆಂಚಿನ ಮೇಲಿಟ್ಟು ಮಗಳ ಎಡಗಣ್ಣಿನ ಮೇಲೆ ಅಂಗೈ ಇಟ್ಟಳು. “ಅಲ್ಲೊಂದು ಬಸ್ ನಿಂತಿದೆ ನೋಡು. ಏನು ಕಾಣಿಸ್ತಿದೆ?”

“ಏನೂ ಕಾಣಿಸ್ತಿಲ್ಲಮ್ಮ.”

ಅಭ್ಯಾಸಬಲದಿಂದ ಬಲಗಣ್ಣೂ ಮುಚ್ಚಿಕೊಂಡಿತ್ತು. ಗದರಬೇಕೆಂದು ಬಾಯಿ ತೆರೆದವಳು ತಡೆದುಕೊಂಡಳು. ಕಾಣಿಸ್ತಿಲ್ಲ ಎನ್ನುವ ಮಾತನ್ನು ಈ ಹುಡುಗಿಯ ಬಾಯಿಂದ ಕೇಳಿದ್ದು ಇದೇ ಮೊದಲಿರಬೇಕು.

“ಅಮ್ಮಾ, ಅದು ನಮ್ಮ ಬಸ್ಸು! ಹೊರಟೇಹೋಯ್ತು!” ಚಿಕ್ಕವಳು ಕೂಗಿದಳು.

“ಹಾಳಾಗಿ ಹೋಗ್ಲಿ.” ಅಂಗೈ ತೆಗೆಯಲಿಲ್ಲ. “ಇನ್ನೊಂದು ಕಣ್ಣು ಬಿಡು. ಮೆಲ್ಲಗೆ. ಈಗ?”

ಅಂಗೈ ಕೆಳಗೆ ದೊಡ್ಡವಳ ರೆಪ್ಪೆ ಪಟಪಟ ಬಡಿಯಿತು.

“ಬಸ್ಸಿನ ಹಿಂದಿನ ಕೆಂಪು ದೀಪ,” ಅಂದಳು. “ಒಂದೇ ಉರೀತಿದೆ. ಇನ್ನೊಂದು ಕೆಟ್ಟಿದೆ.”

ತಾಯಿ ತಿರುಗಿ ನೋಡಿದಳು. ಬಸ್ಸು ರಸ್ತೆಯ ತಿರುವಿನಲ್ಲಿತ್ತು. ಹೌದು, ಒಂದೇ ಉರಿಯುತ್ತಿತ್ತು.