ಏಳು ನಿಮಿಷದ ಕೂಸು

ನಾನು ಗಂಗಾಲಕ್ಷ್ಮಿ, ಕೋಲಾರದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹೇಳುತ್ತಿರುವುದು ಸಾದಿಯಾಳ ಕಥೆ. ನನ್ನದರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ, ಮಣ್ಣು!

ಸಾದಿಯಾ ಮುಳಬಾಗಿಲಿನವಳು. ಹಾಸಿಗೆ ಹೊಲಿಯುತ್ತಿದ್ದ ಅಪ್ಪ ಹತ್ತಿಯ ಧೂಳಿಗೆ ಎದೆ ಕೆಟ್ಟು ಮನೆಯಲ್ಲೇ ಕೂತಿದ್ದರು. ಬೆಳಗ್ಗೆ ನರ್ಸಿಂಗ್ ಶಾಲೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತು, ಮಧ್ಯಾಹ್ನದಿಂದ ನಮ್ಮಲ್ಲಿ ಸಂಬಳಕ್ಕೆ ದುಡಿಯುತ್ತಿದ್ದಳು. ಬಿ.ಪಿ. ನೋಡುವುದು, ಕೂಸುಗಳನ್ನು ಒರೆಸುವುದು, ಅಷ್ಟೇ. ಹೆರಿಗೆಗೆ ಕೈ ಹಾಕುವಂತಿರಲಿಲ್ಲ. ಆ ಸಂಬಳದಲ್ಲೇ ಅವಳ ಫೀಸು, ಹಾಸ್ಟೆಲ್ಲು. ಕೊನೆಯ ಪರೀಕ್ಷೆಗೆ ಎರಡೇ ತಿಂಗಳಿತ್ತು. ಈ ಕೆಲಸ ಹೋದರೆ ಓದೂ ಹೋದಂತೆ.

ಅವತ್ತು ಮಧ್ಯಾಹ್ನ ನೂರ್ಜಹಾನ್ ಎಂಬಾಕೆಗೆ ನೋವು ಜೋರಾಯಿತು. ಡ್ಯೂಟಿ ಡಾಕ್ಟರೂ ಇಲ್ಲ, ನರ್ಸೂ ಇಲ್ಲ, ಇದ್ದದ್ದು ನಾವಿಬ್ಬರೇ. ಸಾದಿಯಾಳೇ ಕೂಸನ್ನು ಹಿಡಿದಳು. ಹೆಣ್ಣು. ಅಳಲಿಲ್ಲ. ಬಾಯಿ ಒರೆಸಿದಳು, ಬೆನ್ನು ಉಜ್ಜಿದಳು, ಉಸಿರು ಊದಿದಳು. ಏಳು ನಿಮಿಷ ಮಿಸುಕಾಡಿ ಕೂಸಿನ ಉಸಿರು ನಿಂತುಹೋಯಿತು. ತಾಯಿಗೆ ಪ್ರಜ್ಞೆ ಇರಲಿಲ್ಲ.

ಆಮೇಲೆ ಬಂದ ಡಾಕ್ಟರಮ್ಮ, ಆಸ್ಪತ್ರೆಯ ಒಡತಿ, ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. "ಹೊಟ್ಟೇಲೇ ಹೋಗಿತ್ತು ಅಂತ ಮನೆಯವ್ರಿಗೆ ಹೇಳಿದ್ದೀನಿ. ಡಾಕ್ಟರ್ ಇರ್ಲಿಲ್ಲ ಅಂತ ಗೊತ್ತಾದ್ರೆ ಆಸ್ಪತ್ರೆ ಮುಚ್ಚಿಸ್ತಾರೆ. ಬಾಯಿ ಮುಚ್ಕೊಂಡಿರಿ. ಸಾದಿಯಾ, ನಿಂಗೆ ಪರೀಕ್ಷೆ ಬೇಕೋ ಬೇಡ್ವೋ?"

ನಾನು ಹೂಂ ಎಂದು ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಹೊರಗೆ ಕೂಸಿನ ತಂದೆ ತಾಜ್ ಪಾಷಾ ಸಾದಿಯಾಳನ್ನು ತಡೆದ. "ಬೇಟಿ, ನಿಜ ಹೇಳು. ಒಂದು ಉಸಿರಾದ್ರೂ ಇತ್ತಾ?"

ಅವರಲ್ಲಿ ಜೀವಂತ ಹುಟ್ಟಿ ತೀರಿಕೊಂಡ ಕೂಸಿಗೆ ಹೆಸರಿಟ್ಟು, ಸ್ನಾನ ಮಾಡಿಸಿ, ನಾಲ್ಕು ಜನ ನಿಂತು ಜನಾಜಾ ನಮಾಜ್, ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ, ಮಾಡುತ್ತಾರೆ. ಹೊಟ್ಟೆಯಲ್ಲೇ ಸತ್ತದ್ದಕ್ಕೆ ಆ ನಮಾಜ್ ಇಲ್ಲ, ಬಟ್ಟೆ ಸುತ್ತಿ ಮಣ್ಣು ಮಾಡುವುದಷ್ಟೇ. ಇದು ಸಾದಿಯಾಳಿಗೆ ಗೊತ್ತಿಲ್ಲದ್ದೇ?

"ಬೇಡ ಕಣೇ, ಸುಮ್ನಿರು," ಎಂದು ನಾನು ಹಿಂದಿನಿಂದ ಅವಳ ತೋಳು ಜಿಗುಟಿದೆ.

"ಇತ್ತು ಚಾಚಾ," ಎಂದಳು. "ಏಳು ನಿಮಿಷ ಇತ್ತು. ನನ್ನ ಕೈಯಲ್ಲೇ."

ಅವನು ಗೋಡೆಗೆ ಒರಗಿ ಗಳಗಳನೆ ಅತ್ತ. ಒಳಗೆ ಹೆಂಡತಿಯ ಬಳಿ ಹೋಗಿ ಬಂದು, ಮಸೀದಿಗೆ ಓಡಿದ. ಹತ್ತು ನಿಮಿಷದಲ್ಲಿ ಸಾದಿಯಾಳ ಕೆಲಸ ಹೋಯಿತು.

ಕೋಟು ಬಿಚ್ಚಿಕೊಟ್ಟು ಹೋಗು ಎಂದು ಕೆಳಗಿನಿಂದ ಕೂಗುತ್ತಿದ್ದರು. ಅವಳು ನೂರ್ಜಹಾನಳ ಮಂಚದ ಬಳಿ ಹೋದಳು. ಆಕೆಗೆ ಆಗ ಎಚ್ಚರವಾಗಿತ್ತು, ಗಂಡ ಎಲ್ಲಾ ಹೇಳಿ ಹೋಗಿದ್ದ.

"ಕಣ್ಣು ಬಿಟ್ಲಾ?" ಎಂದು ಕೇಳಿದಳು.

"ಬಿಟ್ಟಳು."

"ಯಾರನ್ನ ನೋಡಿದ್ಲು?"

"ನನ್ನನ್ನ," ಎಂದಳು ಸಾದಿಯಾ.

"ಹಂಗಾದ್ರೆ ಸ್ವಲ್ಪ ಹೊತ್ತು ನನ್ನ ಎದುರಿಗೇ ಕೂತ್ಕೊಮ್ಮ," ಎಂದಳು ತಾಯಿ. "ನನ್ನ ಮಗಳು ನೋಡಿದ ಮುಖಾನ ನಾನೂ ನೋಡ್ತೀನಿ."

ಕೆಳಗಿನಿಂದ ಮತ್ತೆ ಕೂಗಿದರು. ಸಾದಿಯಾ ಏಳಲಿಲ್ಲ.