ಬೊಜ್ಜದ ಫೋಟೋ

ನರ್ಸಮ್ಮನ ಎಡಗಡೆಯ ಹುಬ್ಬು ಮಾತ್ರ ಹಾಲಿನಂತೆ ಬಿಳಿ. ಬಲಗಡೆಯದು ಕೊನೆಯವರೆಗೂ ಕಪ್ಪಾಗಿಯೇ ಇತ್ತು. ನಾನು ಕಡಬದಲ್ಲಿ ಸ್ಟುಡಿಯೊ ತೆರೆದ ಹೊಸತರಲ್ಲಿ ಅವರು ಇಚಿಲಂಪಾಡಿಯಿಂದ ಬಸ್ಸಿನಲ್ಲಿ ಬಂದು, ಸ್ಟೂಲಿನ ಮೇಲೆ ನೆಟ್ಟಗೆ ಕೂತು, "ಹುಬ್ಬಿಗೆ ಕಂಪ್ಯೂಟರಿನಲ್ಲಿ ಕಪ್ಪು ಹಚ್ಚಬೇಡ ಮಗ. ಬೊಜ್ಜಕ್ಕೆ ಬಂದವರಿಗೆ ನನ್ನ ಗುರುತು ಸಿಗಬೇಕಲ್ಲ?" ಎಂದಿದ್ದರು.

ಬೊಜ್ಜವೆಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ಅಂದು ಕುರ್ಚಿಯ ಮೇಲೆ ಅವರ ದೊಡ್ಡ ಫೋಟೋ ಇಟ್ಟಿರುತ್ತಾರೆ, ಬಂದವರೆಲ್ಲ ಸಾಲಾಗಿ ಹೂ ಹಾಕುತ್ತಾರೆ. ಬದುಕಿರುವಾಗ ಆ ಫೋಟೋದ ಯೋಚನೆ ಯಾರಿಗೂ ಇರುವುದಿಲ್ಲ. ಹೋದ ಮೇಲೆ ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಮುಖ ಕತ್ತರಿಸಿ, ಪಕ್ಕದವರ ಹೆಗಲು ಸಮೇತ ದೊಡ್ಡದು ಮಾಡಿಸುತ್ತಾರೆ. ಮನೆಮನೆ ತಿರುಗಿ ಹೆರಿಗೆ ಮಾಡಿಸಿ ನಿವೃತ್ತರಾಗಿದ್ದ ನರ್ಸಮ್ಮನಿಗೆ ಇದು ಸ್ವಲ್ಪವೂ ಆಗಿಬರುತ್ತಿರಲಿಲ್ಲ. "ಹೋಗುದಂತೂ ಗ್ಯಾರಂಟಿ. ನಗಾಡಿಕೊಂಡು ಹೋದರೆ ಎಂತ ನಷ್ಟ?" ಎನ್ನುತ್ತಿದ್ದರು.

ನನ್ನ ಹುಚ್ಚು ಹಕ್ಕಿಗಳದ್ದು. ಒಂದು ಮಂಗಟ್ಟೆ ಹಕ್ಕಿಗಾಗಿ ಮರದಡಿ ದಿನವಿಡೀ ಕೂರುತ್ತಿದ್ದೆ. ಆ ಚಿತ್ರ ನೋಡಿದವರು ಮೊಬೈಲಿನಲ್ಲಿ ಹೃದಯದ ಗುರುತು ಒತ್ತುತ್ತಿದ್ದರು, ಅಷ್ಟೆ. ಅದರಿಂದ ಸ್ಟುಡಿಯೊದ ಕರೆಂಟ್ ಬಿಲ್ಲೂ ಕಟ್ಟಲಾಗುತ್ತಿರಲಿಲ್ಲ. ಅನ್ನ ಕೊಟ್ಟದ್ದು ನರ್ಸಮ್ಮ. ತಮ್ಮ ಫೋಟೋದ ಒಂದು ಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಹೋದಲ್ಲೆಲ್ಲ ತೋರಿಸಿ, ಹಲ್ಲಿರುವ ಅಜ್ಜಂದಿರನ್ನೂ ಹಲ್ಲಿಲ್ಲದ ಅಜ್ಜಿಯರನ್ನೂ ನನ್ನಲ್ಲಿಗೆ ಕಳಿಸಿದರು. ಸುಳ್ಯದಿಂದಲೂ ಜನ ಬರತೊಡಗಿದರು. ಯಾರ ಹಂಗೂ ಇಲ್ಲದೆ ನನ್ನ ಕಾಲ ಮೇಲೆ ನಾನು ನಿಂತೆ. ಅದರ ಜೊತೆಗೇ 'ಬೊಜ್ಜದ ಫೋಟೋದವ' ಎಂಬ ಹೆಸರೂ ಅಂಟಿಕೊಂಡಿತು. ಆ ಹೆಸರು ಕೇಳಿದರೆ ನನಗೆ ಮೈಯೆಲ್ಲ ಹಿಡಿಯಾಗುತ್ತಿತ್ತು. ಅದು ಕೊಟ್ಟ ಅನ್ನವನ್ನು ಮಾತ್ರ ಉಣ್ಣುತ್ತಲೇ ಇದ್ದೆ.

ಪುತ್ತೂರಿನಲ್ಲಿ ಒಮ್ಮೆ ಛಾಯಾಚಿತ್ರ ಪ್ರದರ್ಶನವಾಯಿತು. ನನ್ನ ಮಂಗಟ್ಟೆಗೂ ಗೋಡೆಯಲ್ಲಿ ಜಾಗ ಸಿಕ್ಕಿತ್ತು. ಮಂಗಳೂರಿನಿಂದ ಬಂದ ಹಿರಿಯ ಛಾಯಾಗ್ರಾಹಕರೊಬ್ಬರು ಅದರ ಮುಂದೆ ನಿಂತು ಬೆಳಕಿನ ಬಗ್ಗೆ ಏನೋ ಕೇಳುತ್ತಿದ್ದರು. ಅಷ್ಟರಲ್ಲಿ ಇಸ್ತ್ರಿ ಸೀರೆ ಉಟ್ಟ ನರ್ಸಮ್ಮ ಜನರ ನಡುವೆ ನುಗ್ಗಿ ಬಂದರು. ನಾನು ಕರೆದಿರಲಿಲ್ಲ.

"ಇವ ನಮ್ಮವನೇ ಮಾರಾಯ್ರೆ! ನಮ್ಮ ಕಡೆ ಬೊಜ್ಜದ ಫೋಟೋ ಅಂದ್ರೆ ಇವನೇ. ನಂದೂ ತೆಗ್ದಿದ್ದಾನೆ. ಫ್ರೇಮ್ ಹಾಕಿ ಕಪಾಟಿನಲ್ಲಿ ರೆಡಿ ಉಂಟು, ನಾನು ಸಾಯುದೊಂದೇ ಬಾಕಿ!"

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಆ ಹಿರಿಯರೂ ನಕ್ಕರು.

"ಹಾಗೇನಿಲ್ಲ ಸರ್. ಇವರು ಸುಮ್ನೆ ಹೇಳುದು. ಪರಿಚಯದವರು, ಅಷ್ಟೆ" ಎಂದು ಆ ಹಿರಿಯರನ್ನು ಮುಂದಿನ ಚಿತ್ರದ ಕಡೆ ಕರೆದುಕೊಂಡು ಹೋದೆ.

ತಿರುಗಿ ನೋಡಿದಾಗ ನರ್ಸಮ್ಮ ಅಲ್ಲೇ ನಿಂತಿದ್ದರು. "ನಾನು ಬರ್ತೇನೆ, ಬಸ್ಸಿಗೆ ಹೊತ್ತಾಯ್ತು" ಎಂದರು. ನಾನು ತಲೆಯಾಡಿಸಿ ಮತ್ತೆ ಆ ಹಿರಿಯರ ಕಡೆ ತಿರುಗಿದೆ.

ಆಮೇಲೂ ಅವರು ಗಿರಾಕಿಗಳನ್ನು ಕಳಿಸುವುದು ನಿಲ್ಲಿಸಲಿಲ್ಲ. ತಾವು ಮಾತ್ರ ಸ್ಟುಡಿಯೊಗೆ ಬರಲಿಲ್ಲ. ಒಂದು ದಿನ ಹೋಗಿ ಮಾತಾಡಿಸಿ ಬರಬೇಕು ಎಂದುಕೊಳ್ಳುತ್ತಲೇ ಇದ್ದೆ, ಹೋಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಬೊಜ್ಜದ ದಿನ ಹೂ ಹಾಕುವ ಸಾಲಿನಲ್ಲಿ ನಿಂತಿದ್ದೆ. ಹತ್ತಿರವಾದಂತೆ ನೋಡುತ್ತೇನೆ, ಕುರ್ಚಿಯ ಮೇಲಿದ್ದದ್ದು ನಾನು ತೆಗೆದ ಫೋಟೋ ಅಲ್ಲ. ಆಧಾರ್ ಕಾರ್ಡಿನದ್ದನ್ನು ದೊಡ್ಡದು ಮಾಡಿಸಿದ್ದರು. ಮುಖ ಮಬ್ಬುಮಬ್ಬಾಗಿ ಯಾರದೋ ಹಾಗಿತ್ತು. ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದ ಅವರ ಸೊಸೆಯನ್ನು ಕೇಳಿದೆ, "ನಾನು ತೆಗೆದದ್ದು ಸಿಗಲಿಲ್ಲವಾ?"

"ಕಪಾಟಿನಲ್ಲೇ ಉಂಟು ಅಣ್ಣ. ಅತ್ತೆಯೇ ಬೇಡ ಹೇಳಿದ್ದು." ಆಕೆ ತಟ್ಟೆಯನ್ನು ನನ್ನ ಕಡೆ ಚಾಚಿದಳು. "ಅದನ್ನಿಟ್ಟರೆ ಬಂದವರೆಲ್ಲ ಯಾರು ತೆಗೆದದ್ದು ಅಂತ ಕೇಳ್ತಾರೆ, ನಾಲ್ಕು ಜನರ ಎದುರು ಆ ಹುಡುಗನಿಗೆ ನಾಚಿಕೆ ಆಗ್ತದೆ, ಪಾಪ, ಅಂತ ಹೇಳಿದ್ರು."

ಹಿಂದಿನಿಂದ ಯಾರೋ "ಮುಂದೆ ಹೋಗಿ ಮಾರಾಯ್ರೆ" ಎಂದರು. ಹೂ ಹಾಕಿದೆ. ತಲೆ ಎತ್ತಿ ಆ ಫೋಟೋ ನೋಡಲು ನನ್ನಿಂದಾಗಲಿಲ್ಲ.