ಆಯುಧಪೂಜೆಯ ಶರ್ಟು

ಹೊಸೂರಿನಲ್ಲಿ ನಮ್ಮಂಥವರಿಗೆ ಮಾಡಲು ಹೆಚ್ಚೇನೂ ಇರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೃಷ್ಣಗಿರಿ ಬಸ್ಸಿಗೆ ಕಾಯುವವರ ಹಾಗೆ ನಿಲ್ಲಬಹುದಿತ್ತು. ಬಸ್ಸು ಬಂದರೆ ಹತ್ತಬಾರದು, ಅಷ್ಟೇ ನಿಯಮ. ಮೂರು ಬಸ್ಸು ಹೋದ ಮೇಲೂ ಇನ್ನೊಬ್ಬ ಅಲ್ಲೇ ನಿಂತಿದ್ದರೆ, ಅವನೂ ನನ್ನ ಹಾಗೆ ಗಂಡಸರನ್ನು ಇಷ್ಟಪಡುವವನಿರಬಹುದು ಎಂದು ಊಹಿಸಬೇಕು. ಒಮ್ಮೆ ಹಾಗೆ ಊಹಿಸಿ ಮಾತಾಡಿಸಿದೆ. ಅವನು ನಿಜವಾಗಿಯೂ ಧರ್ಮಪುರಿಯ ನೇರ ಬಸ್ಸಿಗೆ ಕಾಯುತ್ತಿದ್ದ.

ಬೆಂಗಳೂರಿನಲ್ಲಿ ಹೀಗಿರಲಿಲ್ಲ. ಅಲ್ಲಿ ಒಂದು ಮಹಡಿಯ ಮೇಲೆ ಭಾನುವಾರ ಸಭೆ ನಡೆಯುತ್ತಿತ್ತು. ಚಾಪೆ ಹಾಸಿ ಕೂರುತ್ತಿದ್ದೆವು. ಡಾಕ್ಟರು ಬಂದು ಮಾತಾಡುವರು, ಸಿನಿಮಾ ತೋರಿಸುವರು, ಪೊಲೀಸರು ಹಿಡಿದರೆ ಏನು ಹೇಳಬೇಕೆಂದು ವಕೀಲರು ಹೇಳಿಕೊಡುವರು. ಆಗ ಕಾನೂನಿನ ಲೆಕ್ಕದಲ್ಲಿ ನಾವು ಅಪರಾಧಿಗಳು. ಅಪರಾಧಿಗಳಿಗೆ ಟೀ, ಬಿಸ್ಕತ್ತು ಕೊಡುತ್ತಿದ್ದರು. ಅತ್ತಿಬೆಲೆ ದಾಟಿ, ಎರಡು ಬಸ್ಸು ಬದಲಿಸಿ, ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ. ಮನೆಯಲ್ಲಿ ಓವರ್‌ಟೈಮ್ ಎಂದು ಹೇಳಿ ಹೊರಡುತ್ತಿದ್ದೆ.

ಮನೆ ಎಂದರೆ ಅಕ್ಕನ ಮನೆ. ಮಾಗಡಿ ಕಡೆಯಿಂದ ಬಂದು ಫ್ಯಾಕ್ಟರಿ ಸೇರಿದ ದಿನದಿಂದ ಎಂಟು ವರ್ಷ ಅಲ್ಲೇ ಇದ್ದೆ. ಭಾವ ಬೇರೊಂದು ಕಂಪೆನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅಕ್ಕ ಮನೆಯಲ್ಲೇ ಮಿಶಿನ್ ಇಟ್ಟುಕೊಂಡು ಬೀದಿಯವರ ರವಿಕೆ ಹೊಲಿಯುತ್ತಿದ್ದಳು. ಹತ್ತಿರದ ಬೇರಿಕೆ ಎಂಬ ಊರಿನಲ್ಲಿ ನನಗೊಂದು ಹೆಣ್ಣು ನೋಡಿಟ್ಟಿದ್ದಳು. ಬೇಡ ಎನ್ನಲು ಕಾರಣ ಕೊಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವಂತಿರಲಿಲ್ಲ. ಗೊತ್ತಾದರೆ ಮನೆ ಬಿಡಿಸುತ್ತಾಳೆ ಎಂಬುದು ದೊಡ್ಡ ಭಯವಲ್ಲ, ಬಾಡಿಗೆ ಕೋಣೆಗಳು ಬೇಕಾದಷ್ಟಿದ್ದವು. ಅವಳು ನನ್ನನ್ನು ನೋಡುವ ರೀತಿಯೇ ಬದಲಾಗಿಬಿಟ್ಟರೆ ಏನು ಮಾಡುವುದು ಎಂದು ಹೆದರಿದ್ದೆ. ಹಾಗಾಗಿ ಸುಮ್ಮನಿದ್ದೆ. ನನ್ನ ಮೌನವನ್ನು ಅಕ್ಕ ನಾಚಿಕೆ ಎಂದುಕೊಂಡಳು.

ಆ ವರ್ಷ ಬೆಂಗಳೂರಿನಲ್ಲಿ ನಮ್ಮವರ ಮೆರವಣಿಗೆ ಎಂದರು. ಹಿಂದೆ ಅಲ್ಲಿ ಅಂಥದ್ದನ್ನು ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಣ್ಣದ ಬಟ್ಟೆ ಹಾಕಿಕೊಂಡು ಬನ್ನಿ, ಮುಖ ತೋರಿಸಲು ಇಷ್ಟವಿಲ್ಲದವರಿಗೆ ಮುಖವಾಡ ಕೊಡುತ್ತೇವೆ ಎಂದರು. ನನ್ನಲ್ಲಿದ್ದ ಬಣ್ಣದ ಬಟ್ಟೆ ಒಂದೇ, ಹಿಂದಿನ ಆಯುಧಪೂಜೆಗೆ ಫ್ಯಾಕ್ಟರಿ ಕೊಟ್ಟ ಶರ್ಟ್ ಪೀಸಿನಲ್ಲಿ ಹೊಲಿಸಿದ್ದು. ಗಿಳಿಹಸಿರು, ಅದರ ಮೇಲೆ ಕಿತ್ತಳೆ ಗೆರೆ. ಓವರ್‌ಟೈಮಿಗೆ ಇದ್ಯಾಕೆ ಎಂದು ಅಕ್ಕ ಕೇಳಿದಳು. ಜಪಾನಿನವರು ಫ್ಯಾಕ್ಟರಿ ನೋಡಲು ಬರುತ್ತಾರೆ ಎಂದೆ.

ನನಗೆ ಸಿಕ್ಕ ಮುಖವಾಡಕ್ಕೆ ನವಿಲುಗರಿ ಅಂಟಿಸಿದ್ದರು. ಹಣೆಯಿಂದ ಗಲ್ಲದವರೆಗೆ ಎಲ್ಲ ಮುಚ್ಚುವಂಥದ್ದನ್ನೇ ಆರಿಸಿ, ದಾರವನ್ನು ಎರಡು ಸುತ್ತು ಬಿಗಿದೆ. ತಮಟೆ ಶುರುವಾಯಿತು. ಮುಂದೆ ಹಿಜಡಾ ಅಕ್ಕಂದಿರು ಕುಣಿಯುತ್ತಿದ್ದರು. ಪಕ್ಕದಲ್ಲಿ ಪೊಲೀಸರು ನಮ್ಮನ್ನು ಹಿಡಿಯದೆ ಟ್ರಾಫಿಕ್ಕನ್ನು ಹಿಡಿದು ನಿಲ್ಲಿಸುತ್ತಿದ್ದರು. ನನಗೆ ಕುಣಿಯಲು ಬರುವುದಿಲ್ಲ, ಕುಣಿದೆ. ಅಷ್ಟು ಖುಷಿ ಅದಕ್ಕೆ ಮುಂಚೆ ನನಗೆ ಯಾವತ್ತೂ ಆಗಿರಲಿಲ್ಲ. ಮುಖ ಇಷ್ಟು ಚೆನ್ನಾಗಿ ಮುಚ್ಚಿದೆ, ಇನ್ನು ಯಾವ ಭಯ ಎಂದುಕೊಂಡೆ.

ಫ್ಯಾಕ್ಟರಿ ನಾನೂರು ಜನಕ್ಕೂ ಒಂದೇ ತಾನಿನ ಬಟ್ಟೆ ಕೊಡುತ್ತದೆ ಎಂಬುದು ಮಾರನೆಯ ದಿನ ಕ್ಯಾಂಟೀನಿನಲ್ಲಿ ನೆನಪಾಯಿತು. ಪತ್ರಿಕೆಯಲ್ಲಿ ನನ್ನ ಫೋಟೋ ಇತ್ತು, ಬಣ್ಣದಲ್ಲಿ.

"ಯಾರುಡಾ ಇದು? ನಮ್ಮ ಕಂಪೆನಿ ಸಟ್ಟೆ!" ಎಂದು ಫೋರ್‌ಮನ್ ಫೋಟೋದ ಶರ್ಟಿನ ಮೇಲೆ ಬೆರಳಿಟ್ಟು ತಮಿಳಿನಲ್ಲಿ ಕೂಗಿದರು.

ಎಲ್ಲರೂ ಬಗ್ಗಿ ನೋಡಿದರು. ನಾನೂ ಬಗ್ಗಿ ನೋಡಿದೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಶರ್ಟು ಎಲ್ಲಿದೆ ಎಂದು ಕೇಳದೆಯೇ ಹೇಳತೊಡಗಿದರು. ಒಬ್ಬರದು ಭಾವಮೈದುನನ ಹತ್ತಿರವಿತ್ತು, ಇನ್ನೊಬ್ಬರದನ್ನು ಇಲಿ ಕಡಿದಿತ್ತು. ಲೇತ್ ಸೆಕ್ಷನ್ನಿನ ಹಿರಿಯರೊಬ್ಬರು ಅವತ್ತು ಅದನ್ನೇ ಹಾಕಿಕೊಂಡು ಬಂದಿದ್ದರು. ಪಾಪ, ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೋದರು. ಒಂದು ವಾರದಲ್ಲಿ ಆ ಶರ್ಟು ಹೊಸೂರಿನಿಂದಲೇ ಮಾಯವಾಯಿತು. ಸೂಳಗಿರಿ ಹತ್ತಿರ ಟೊಮೇಟೊ ತೋಟದಲ್ಲಿ ಹಕ್ಕಿ ಬೆದರಿಸಲು ನಿಲ್ಲಿಸಿದ್ದ ಬೆರ್ಚಪ್ಪನ ಮೈಮೇಲೆ ಒಂದನ್ನು ನಾನೇ ಕಂಡೆ. ನಾನೂರು ಜನರ ನಡುವೆ ಬಚಾವಾದೆ ಎಂದು ಆ ಸಂಜೆ ನಿರಾಳವಾಗಿ ಮನೆಗೆ ಬಂದೆ.

ಅಕ್ಕ ರವಿಕೆಯ ಅಳತೆಗೆ ಹಳೆಯ ಪತ್ರಿಕೆಯನ್ನೇ ಕತ್ತರಿಸುತ್ತಿದ್ದಳು. ಆ ಹಾಳೆ ಮಿಶಿನ್ ಪಕ್ಕದಲ್ಲಿತ್ತು. ತೋಳಿಗೆ, ಬೆನ್ನಿಗೆ ಎಂದು ಸುತ್ತಲೂ ಕತ್ತರಿಸಿದ್ದಳು. ನನ್ನ ಫೋಟೋವನ್ನು ಮಾತ್ರ ಕತ್ತರಿಸದೆ ಬಿಟ್ಟಿದ್ದಳು. ಆಗ ನನಗೆ ಹೊಳೆಯಿತು. ಆ ಶರ್ಟು ಹೊಲಿದವಳು ಅವಳೇ. ನನ್ನ ಮೈಗೆ ಬಟ್ಟೆ ಸಾಲದೆ, ಉಳಿದ ಚೂರಿನಲ್ಲಿ ಜೇಬು ಹೊಲಿದಾಗ ಗೆರೆಗಳು ಅಡ್ಡಡ್ಡ ಬಂದಿದ್ದವು. ನಾನೂರು ಶರ್ಟಿನಲ್ಲಿ ಅಡ್ಡ ಗೆರೆಯ ಜೇಬು ಇದ್ದದ್ದು ನನ್ನದಕ್ಕೆ ಮಾತ್ರ. ಫೋಟೋದಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು.

ಅಕ್ಕ ಎಂದಿನಂತೆ ಮುದ್ದೆ ಬಡಿಸಿದಳು, ಸಾರು ಬಿಟ್ಟಳು. ಮೂರು ದಿನ ನಾನು ತಟ್ಟೆ ನೋಡಿಕೊಂಡೇ ಉಂಡೆ. ನಾಲ್ಕನೆಯ ದಿನ ಅವಳೊಬ್ಬಳೇ ಬೇರಿಕೆಗೆ ಹೋಗಿಬಂದು, "ಅವ್ರು ಬ್ಯಾಡ ಅಂದ್ಬುಟ್ರು" ಎಂದಷ್ಟೇ ಹೇಳಿ ಮಿಶಿನ್ ಮುಂದೆ ಕುಳಿತಳು.

ಭಾನುವಾರ ಸಂತೆಯಿಂದ ಬಂದ ಭಾವ ಚೀಲ ಕೆಳಗಿಡುತ್ತಾ, "ಯಾವಾಗ್ನಿಂದ್ಲಾ ನಿಂಗೆ ಮೂರ್ಛೆ ರೋಗ?" ಎಂದು ಕೇಳಿದರು. ಬೇರಿಕೆಯವರಿಗೆ ಅಕ್ಕ ಹಾಗೆ ಹೇಳಿದ್ದಳಂತೆ. ಆಮೇಲೆ ಎಷ್ಟೋ ವರ್ಷ ಆ ಕಡೆಯವರು ನನ್ನನ್ನು ಕಂಡರೆ ಕೂರಲು ಕುರ್ಚಿ ಕೊಡುತ್ತಿದ್ದರು, ಕೆಲವರು ಮೂರ್ಛೆ ಬಂದರೆ ನನ್ನ ಕೈಗಿಡಲೆಂದು ಬೀಗದ ಕೈ ಹಿಡಿದೇ ಮಾತಾಡುತ್ತಿದ್ದರು.

ಭಾವ ಒಳಕೋಣೆಗೆ ಹೋಗಿ ಟಿವಿ ಹಾಕಿದರು. ನಾನು ಅಕ್ಕನ ಪಕ್ಕ ಕುಳಿತೆ. ಅವಳು ನನ್ನನ್ನು ಉಳಿಸಿದಳು ಎಂದು ಕಣ್ಣು ತುಂಬಿ ಬಂದಿತ್ತು.

"ನನಗೋಸ್ಕರ ಸುಳ್ಳು ಹೇಳ್ದ್ಯಾ ಅಕ್ಕ?"

"ನಿಂಗೋಸ್ಕರ ಅಲ್ಲ ಕಣ್ಲಾ," ಎಂದಳು, ತಲೆ ಎತ್ತದೆ. "ಆ ಹುಡ್ಗಿಗೋಸ್ಕರ. ನೀನು ಅಲ್ಲಿ ಯಾಕೆ ಕುಣೀತಿದ್ದೆ ಅಂತ ನಂಗೆ ಪೂರ್ತಿ ತಿಳೀಲಿಲ್ಲ, ತಿಳ್ಕೊತೀನಿ ಬುಡು. ಆದ್ರೆ ಮನಸಿಲ್ದೆ ತಾಳಿ ಕಟ್ಟಿದೋನ ಮನೇಲಿ ಬಾಳೋದು ಎಂಗಿರ್ತದೆ ಅಂತ ನಂಗೊತ್ತು. ಹನ್ನೊಂದು ವರ್ಸ ಆಯ್ತು."

ಒಳಗೆ ಟಿವಿಯಲ್ಲಿ ವಾರ್ತೆ ಬರುತ್ತಿತ್ತು. ಭಾವ ಹೊಡೆಯುವವರಲ್ಲ, ಕುಡಿಯುವವರಲ್ಲ. ಅವರು ಅಕ್ಕನ ಜೊತೆ ಮಾತಾಡಿದ್ದನ್ನು ನೆನಪಿಸಿಕೊಳ್ಳಲು ನೋಡಿದೆ. ಸಾರಿಗೆ ಉಪ್ಪು ಕಮ್ಮಿ ಎಂದದ್ದು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ. ಯಾರೂ ನನ್ನನ್ನು ಸರಿಯಾಗಿ ನೋಡದ ಹಾಗೆ ನೋಡಿಕೊಳ್ಳುವುದರಲ್ಲೇ ಆ ಮನೆಯಲ್ಲಿ ಎಂಟು ವರ್ಷ ಕಳೆದಿದ್ದೆ. ಅವಳ ಕಡೆ ಒಂದು ಸಲವೂ ತಿರುಗಿರಲಿಲ್ಲ. ನನಗೆ ನಾಚಿಕೆಯಾಯಿತು.

"ಅಕ್ಕ, ನೀನು ಎಂಗಿದ್ದೀಯಾ?" ಎಂದು ಕೇಳಿದೆ.

ಅವಳು ಹೊಲಿಗೆ ನಿಲ್ಲಿಸಿದಳು. ಆಮೇಲೆ, ಇದುವರೆಗೆ ಯಾರೂ ಕೇಳಿಲ್ಲ, ಏನು ಹೇಳಬೇಕೋ ಗೊತ್ತಾಗುತ್ತಿಲ್ಲ ಎಂದಳು.